ಹಂದರದ ಲೆಕ್ಕ: ಇವೆಂಟ್ ಮಾಡುವವರಿಗೆ ತೆರಿಗೆ ಕಡಿತ ಸಿಗುವುದೆಲ್ಲಿ, ಕೈ ತಪ್ಪುವುದೆಲ್ಲಿ

ಹುಬ್ಬಳ್ಳಿ-ಧಾರವಾಡದಲ್ಲಿ ಸ್ವಂತ ಹೆಸರಿನಲ್ಲಿ ಮದುವೆ, ಸೀಮಂತ, ಶೋರೂಮ್ ಉದ್ಘಾಟನೆ ಮಾಡಿಸಿಕೊಡುವವರು ಚಾರ್ಟರ್ಡ್ ಅಕೌಂಟೆಂಟ್ ಎದುರು ಕೂತ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಯಾವ್ಯಾವ ಖರ್ಚು ತೋರಸಬಹುದ್ರಿ?" 2025-26ರ ಲೆಕ್ಕದಲ್ಲಿ ಬಹಳ ಮಂದಿಗೆ ಇದು ಎರಡನೆಯ ಪ್ರಶ್ನೆ. ಬಂದ ಹಣ ಯಾವ ಬಗೆಯದು, ಯಾವ ದಾರಿಯಲ್ಲಿ ಬಂತು ಎಂಬುದು ಮೊದಲನೆಯದು. ಅದಕ್ಕೆ ಸಿಗುವ ಉತ್ತರದ ಮೇಲೆ ಖರ್ಚಿನ ಪಟ್ಟಿ ಬೇಕೋ ಬೇಡವೋ ಎಂಬುದು ನಿಂತಿದೆ.

ಒಂದು ಲೆಕ್ಕ ನೋಡಿ. ಒಬ್ಬ ಪ್ಲ್ಯಾನರ್ ವರ್ಷಕ್ಕೆ 2 ಕೋಟಿ ರೂಪಾಯಿ ವಹಿವಾಟು ಮಾಡಿದ್ದಾರೆ, ಅಷ್ಟೂ ಹಣ ಬ್ಯಾಂಕ್, ಚೆಕ್ ಅಥವಾ ಯುಪಿಐ ಮೂಲಕ ಬಂದಿದೆ ಎಂದಿಟ್ಟುಕೊಳ್ಳಿ. ಆದಾಯ ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್ ಪ್ರಕಾರ ಅವರು ಖರ್ಚಿನ ಒಂದು ಚೀಟಿಯನ್ನೂ ತೋರಿಸದೆ, ವಹಿವಾಟಿನ ಶೇ 6ರಷ್ಟನ್ನು ಲಾಭ ಎಂದು ಘೋಷಿಸಬಹುದು. ಅಂದರೆ 12 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ 60,000 ರೂಪಾಯಿಯ ರಿಬೇಟ್ (ತೆರಿಗೆಯಲ್ಲೇ ಮನ್ನಾ) ಇರುವುದರಿಂದ, ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ. ಅದೇ 2 ಕೋಟಿ ಪೂರ್ತಿ ನಗದಿನಲ್ಲಿ ಬಂದಿದ್ದರೆ ಶೇ 8 ಹಿಡಿಯಬೇಕು. ಲಾಭ 16 ಲಕ್ಷವಾಗುತ್ತದೆ, ತೆರಿಗೆ 1,20,000, ಮೇಲೆ ಶೇ 4 ಸೆಸ್ ಸೇರಿ 1,24,800. ಮಾಡಿದ ಕೆಲಸವೂ ಅದೇ, ಕೈಗೆ ಬಂದ ಹಣವೂ ಅಷ್ಟೇ.

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ ನೋಟಿಸ್ ಹೋದದ್ದು ದೊಡ್ಡ ಸುದ್ದಿಯಾಯಿತು. ಆ ಹೆದರಿಕೆಗೆ ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಎಂದವರಲ್ಲಿ ಡೆಕೋರೇಶನ್, ಕೇಟರಿಂಗ್, ಸೌಂಡ್ ಸಿಸ್ಟಮ್‌ನವರೂ ಇದ್ದಾರೆ. ಇವೆಂಟ್ ಕೆಲಸದವರಿಗೆ ಇದು ನೇರ ನಷ್ಟದ ತೀರ್ಮಾನ. ಶೇ 6ರ ಸೌಲಭ್ಯ ಹೋಗುತ್ತದೆ. ನಗದು ಸ್ವೀಕೃತಿ ಶೇ 5 ಮೀರದಿದ್ದವರಿಗೆ 44ಎಡಿ ಮಿತಿ 2 ಕೋಟಿಯಿಂದ 3 ಕೋಟಿಗೆ ಏರುತ್ತಿತ್ತು, ಅದೂ ಹೋಗುತ್ತದೆ. ಜಿಎಸ್‌ಟಿಯಂತೂ ಹಣ ಬಂದ ದಾರಿಯನ್ನು ನೋಡುವುದೇ ಇಲ್ಲ. ಸೇವೆಗೆ 20 ಲಕ್ಷ ದಾಟಿತೆಂದರೆ ನೋಂದಣಿ ಕಡ್ಡಾಯ, ನಗದಾದರೂ ಅಷ್ಟೇ.

ನಗದಿನ ಇನ್ನೊಂದು ಅಪಾಯ 269ಎಸ್‌ಟಿ. 2017ರಿಂದ ಜಾರಿಯಲ್ಲಿರುವ ಈ ಸೆಕ್ಷನ್ ಮದುವೆ ಮನೆಯವರಿಗಾಗಿಯೇ ಬರೆದಂತಿದೆ. ಒಬ್ಬರಿಂದ ಒಂದು ದಿನದಲ್ಲಿ, ಒಂದು ವ್ಯವಹಾರಕ್ಕೆ, ಅಥವಾ ಒಂದು ಸಮಾರಂಭಕ್ಕೆ ಸಂಬಂಧಿಸಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಜನವರಿಯಲ್ಲಿ ಒಂದೂವರೆ ಲಕ್ಷ ಅಡ್ವಾನ್ಸ್, ಏಪ್ರಿಲ್‌ನಲ್ಲಿ ಅಕ್ಕಿಕಾಳು ಮುಗಿದ ಮೇಲೆ ಒಂದು ಲಕ್ಷ, ಎರಡೂ ನಗದು. ದಿನ ಬೇರೆಯಾದರೂ ಸಮಾರಂಭ ಒಂದೇ, ಹಾಗಾಗಿ ಒಟ್ಟು ಎರಡೂವರೆ ಲಕ್ಷ ಎಣಿಕೆಗೆ ಬರುತ್ತದೆ. ದಂಡವೂ ಎರಡೂವರೆ ಲಕ್ಷ, ಕೊಟ್ಟವರಿಗಲ್ಲ, ತಗೊಂಡವರಿಗೆ. ನಿಶ್ಚಯ, ಅರಿಶಿಣ, ರಿಸೆಪ್ಶನ್ ಎಂದು ರಸೀದಿ ಒಡೆದರೆ ಬಚಾವಾಗಬಹುದು ಎಂಬ ನಂಬಿಕೆ ಅಪಾಯದ್ದು. ಒಂದೇ ಮನೆಯ ಒಂದೇ ಮದುವೆ ಎಂದು ಅಧಿಕಾರಿ ಹಿಡಿಯುವ ಸಾಧ್ಯತೆಯೇ ಹೆಚ್ಚು. ಗಂಡಿನವರೂ ಹೆಣ್ಣಿನವರೂ ನಿಜಕ್ಕೂ ಬೇರೆ ಬೇರೆ ಖರ್ಚು ಹೊತ್ತಿದ್ದರೆ ಇಬ್ಬರಿಗೂ ಬೇರೆ ಬಿಲ್ ಮಾಡುವುದು ಸರಿಯಾದ ದಾರಿ.

ಗುತ್ತಿಗೆಯೋ ಕಮಿಷನ್ನೋ?

44ಎಡಿ ಎಲ್ಲರಿಗೂ ಸಿಗುವುದಿಲ್ಲ. ಕಮಿಷನ್ ಅಥವಾ ದಲ್ಲಾಳಿ ಆದಾಯ ಗಳಿಸುವವರಿಗೆ ಅದು ಇಲ್ಲ ಎಂದು ಕಾಯ್ದೆ ನೇರವಾಗಿ ಹೇಳಿದೆ. ಇವೆಂಟ್ ವ್ಯವಹಾರದ ಅರ್ಧ ಗೊಂದಲ ಹುಟ್ಟುವುದು ಇಲ್ಲಿಂದಲೇ.

12 ಲಕ್ಷದ ಒಂದು ಮದುವೆ ತೆಗೆದುಕೊಳ್ಳೋಣ. ಕಲ್ಯಾಣ ಮಂಟಪಕ್ಕೆ ಎರಡೂವರೆ ಲಕ್ಷ, ಊಟಕ್ಕೆ ಐದು, ಹೂವು-ವೇದಿಕೆಗೆ ಎರಡು, ಫೋಟೋ-ವಿಡಿಯೋಕ್ಕೆ ಒಂದು, ಪ್ಲ್ಯಾನರ್‌ಗೆ ಉಳಿಯುವುದು ಒಂದೂವರೆ. ಪ್ಲ್ಯಾನರ್ ಪೂರ್ತಿ 12 ಲಕ್ಷಕ್ಕೆ ತಾವೇ ಬಿಲ್ ಹಾಕಿ, ಉಳಿದವರಿಂದ ತಮ್ಮ ಹೆಸರಿಗೆ ಬಿಲ್ ಪಡೆದರೆ ಅದು ಗುತ್ತಿಗೆ. 12 ಲಕ್ಷವೂ ವಹಿವಾಟು, 44ಎಡಿ ಸಿಗುತ್ತದೆ. ಆದರೆ ಎರಡನೆಯ ಮದುವೆಗೇ ಜಿಎಸ್‌ಟಿಯ 20 ಲಕ್ಷ ದಾಟಿರುತ್ತೀರಿ. ಬದಲಿಗೆ ಮದುವೆ ಮನೆಯವರೇ ಮಂಟಪ, ಅಡಿಗೆಯವರಿಗೆ ನೇರ ಕೊಟ್ಟು, ನಿಮಗೆ ಒಂದೂವರೆ ಲಕ್ಷ ಶುಲ್ಕ ಮಾತ್ರ ಕೊಟ್ಟರೆ 13 ಮದುವೆಗಳವರೆಗೂ ಜಿಎಸ್‌ಟಿ ತಂಟೆ ಇಲ್ಲ.

ಮೂರನೆಯ ಬಗೆಯದು ಊರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಕಾಗದಕ್ಕೆ ತರುವುದಿಲ್ಲ. ಮಂಟಪದವರು, ಅಡಿಗೆ ಕಾಂಟ್ರಾಕ್ಟರ್, ಬ್ಯಾಂಡ್‌ನವರು ಗಿರಾಕಿ ತಂದುಕೊಟ್ಟದ್ದಕ್ಕೆ ಪ್ಲ್ಯಾನರ್‌ಗೆ ಕೊಡುವ "ಕಟ್". ವರ್ಷಕ್ಕೆ 20,000 ಮೀರಿದರೆ ದೊಡ್ಡ ಹೋಟೆಲ್‌ನಂಥವರು ಇದರ ಮೇಲೆ 194ಎಚ್ ಅಡಿ ಶೇ 2 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಕಟ್ಟುತ್ತಾರೆ. ಆಗ ನಿಮ್ಮ ಹೆಸರಿಗೆ ಕಟ್ಟಿದ ತೆರಿಗೆಯನ್ನು ತೋರಿಸುವ ಇಲಾಖೆಯ ಪಟ್ಟಿಯಾದ 26ಎಎಸ್‌ನಲ್ಲಿ "ಕಮಿಷನ್" ಎಂದು ನಮೂದಾಗುತ್ತದೆ. ನೀವು 44ಎಡಿ ಅಡಿ ಐಟಿಆರ್-4 ರಿಟರ್ನ್ ಸಲ್ಲಿಸಿದರೆ ಎರಡೂ ಹೊಂದಾಣಿಕೆ ಆಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಕಾಯ್ದೆಯ ಮಾತು "ಕಮಿಷನ್ ಆದಾಯವಿರುವ ವ್ಯಕ್ತಿ" ಎಂದೇ ಇದೆ. ಕಟ್ಟುನಿಟ್ಟಾಗಿ ಓದಿದರೆ ಸಣ್ಣದೊಂದು ಕಮಿಷನ್ ಇಡೀ ವಹಿವಾಟನ್ನೇ 44ಎಡಿಯಿಂದ ಹೊರಗೆ ದೂಡಬಹುದು. ಗುತ್ತಿಗೆ ಮಾದರಿಯಲ್ಲಿ ಇರುವವರು ಕಟ್ ಬದಲು ಬಿಲ್‌ನಲ್ಲೇ ರಿಯಾಯಿತಿ ಕೇಳುವುದು ಲೇಸು. ಎರಡೂವರೆ ಲಕ್ಷದ ಮಂಟಪ ನಿಮಗೆ 2,30,000ಕ್ಕೆ ಬಿಲ್ ಆದರೆ 20,000 ನಿಮ್ಮ ಲಾಭದಲ್ಲೇ ಕೂಡಿಕೊಳ್ಳುತ್ತದೆ, ಕಮಿಷನ್ ಎಂಬ ಹೆಸರು ಎಲ್ಲೂ ಬರುವುದಿಲ್ಲ.

ನಡುವಿನ ದಾರಿಯೂ ಉಂಟು. ಮನೆಯವರ ಪರವಾಗಿ ನೀವು ಹಣ ಪಡೆದು ಅಡಿಗೆಯವರಿಗೆ ಇದ್ದಷ್ಟೇ ದಾಟಿಸಿದರೆ, ಜಿಎಸ್‌ಟಿಯಲ್ಲಿ "ಪ್ಯೂರ್ ಏಜೆಂಟ್" ಆಗಿ ಆ ಮೊತ್ತವನ್ನು ಬಿಡಬಹುದು. ಅದಕ್ಕೆ ಮೊದಲೇ ಬರಹದ ಒಪ್ಪಂದ ಬೇಕು, ನಿಮ್ಮ ಬಿಲ್‌ನಲ್ಲಿ ಆ ಮೊತ್ತ ಬೇರೆಯಾಗಿ ಕಾಣಬೇಕು, ಒಂದು ರೂಪಾಯಿಯೂ ಮೇಲೆ ಇಟ್ಟುಕೊಳ್ಳಬಾರದು. ಇವೆಂಟ್ ಸೇವೆಗೆ ಜಿಎಸ್‌ಟಿ ಶೇ 18, ಹೊರಾಂಗಣ ಕೇಟರಿಂಗ್‌ಗೆ ಸಾಮಾನ್ಯವಾಗಿ ಶೇ 5. ಊಟವನ್ನೂ ಪ್ಯಾಕೇಜಿಗೆ ಸೇರಿಸಿ ಶೇ 18 ಹಾಕಿದಾಗಲೇ ಮನೆಯವರು "ಬಿಲ್ ಬ್ಯಾಡ ಬಿಡ್ರಿ" ಅನ್ನುವುದು. ಆ ಮಾತಿಗೆ ಒಪ್ಪುವುದಕ್ಕಿಂತ ಊಟದ ಬಿಲ್ಲನ್ನು ಅಡಿಗೆಯವರಿಂದ ಮನೆಯವರ ಹೆಸರಿಗೇ ಮಾಡಿಸುವುದು ಇಬ್ಬರಿಗೂ ಅಗ್ಗ.

ಶೇ 50ರಷ್ಟನ್ನು ಲಾಭ ಎಂದು ತೋರಿಸುವ 44ಎಡಿಎ ತಮಗೆ ಅನ್ವಯಿಸುತ್ತದೆಯೇ ಎಂದು ಕೆಲವರಿಗೆ ಅನುಮಾನ. ಅದು ವೈದ್ಯ, ವಕೀಲ, ಎಂಜಿನಿಯರ್, ಒಳಾಂಗಣ ವಿನ್ಯಾಸಕಾರರಂಥ ಗೊತ್ತುಪಡಿಸಿದ ವೃತ್ತಿಗಳಿಗೆ. ಇವೆಂಟ್ ಮ್ಯಾನೇಜರ್ ಎಂಬ ಹೆಸರು 2008ರ ಒಂದು ಅಧಿಸೂಚನೆಯಲ್ಲಿ ವೃತ್ತಿ ಎಂದು ಬಂದಿದೆ ನಿಜ, ಆದರೆ ಅದು 194ಜೆ ಟಿಡಿಎಸ್‌ಗೆ ಮಾತ್ರ, ಅದೂ ಕ್ರೀಡಾ ಚಟುವಟಿಕೆಗೆ ಮಾತ್ರ. ಧಾರವಾಡದಲ್ಲಿ ಮ್ಯಾರಥಾನ್ ಆಯೋಜಿಸಿದರೆ ಶೇ 10 ಹಿಡಿಯಬಹುದು. ಮದುವೆ, ಸಮ್ಮೇಳನಗಳ ಗುತ್ತಿಗೆಗೆ 194ಸಿ ಅಡಿ ವ್ಯಕ್ತಿಗಳಿಗೆ ಶೇ 1. ಕಂಪನಿಯೊಂದು ತನ್ನ ಡೀಲರ್ ಸಭೆಗೆ ಶೇ 10 ಹಿಡಿದು ಕೊಟ್ಟಿದ್ದರೆ ಗುತ್ತಿಗೆ ಪತ್ರ ತೋರಿಸಿ ಮುಂದಿನ ಬಿಲ್ಲಿನಿಂದಾದರೂ ಸರಿಪಡಿಸಿಕೊಳ್ಳಿ. ಹಿಡಿದದ್ದು ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ, ಆದರೆ ಅಷ್ಟರವರೆಗೆ ದುಡಿಯುವ ಬಂಡವಾಳ ಸಿಕ್ಕಿಹಾಕಿಕೊಂಡಿರುತ್ತದೆ.

ಕಡಿಮೆ ತೋರಿಸಿ ಗಳಿಸುವುದೇನು?

72 ಲಕ್ಷ ವಹಿವಾಟು, ಅದರಲ್ಲಿ 64 ಲಕ್ಷ ಬ್ಯಾಂಕಿಗೆ, 8 ಲಕ್ಷ ನಗದು. 44ಎಡಿ ಲೆಕ್ಕದಲ್ಲಿ ಕನಿಷ್ಠ ಲಾಭ 3.84 ಮತ್ತು 0.64 ಸೇರಿ 4.48 ಲಕ್ಷ. ನಿಜವಾಗಿ ಉಳಿದದ್ದು 11 ಲಕ್ಷ ಎನ್ನಿ. ಬಹಳ ಮಂದಿ 4.48 ತೋರಿಸಿ ಸುಮ್ಮನಾಗುತ್ತಾರೆ. ಹೊಸ ಪದ್ಧತಿಯಲ್ಲಿ 11 ಲಕ್ಷಕ್ಕೂ ತೆರಿಗೆ ಸೊನ್ನೆಯೇ. ಉಳಿಸಿದ್ದು ಏನೂ ಇಲ್ಲ, ಕಳೆದುಕೊಂಡದ್ದು ಬ್ಯಾಂಕಿನ ಎದುರು ಅರ್ಹತೆ. ಎಲ್‌ಇಡಿ ವಾಲ್‌ಗೆ ಸಾಲ ಕೇಳಿದಾಗ ಮ್ಯಾನೇಜರ್ ನೋಡುವುದು ಮೂರು ವರ್ಷದ ಐಟಿಆರ್. ನಾಲ್ಕೂವರೆ ಲಕ್ಷ ಆದಾಯದವರು ವರ್ಷದಲ್ಲಿ ಆರು ಲಕ್ಷದ ಕಂತು ಕಟ್ಟಿ ಮೇಲೊಂದು ಕಾರು ಕೊಂಡರೆ ಇಲಾಖೆಯೂ ಕೇಳುತ್ತದೆ. ಕಾಯ್ದೆಯಲ್ಲೂ ಶೇ 6 ಅಥವಾ ಶೇ 8 ಕೆಳಗಿನ ಗೆರೆ ಮಾತ್ರ, ಹೆಚ್ಚು ಗಳಿಸಿದ್ದರೆ ಹೆಚ್ಚು ತೋರಿಸಲು ಅದರಲ್ಲೇ ಜಾಗ ಇದೆ.

ಹೊಸ ಪದ್ಧತಿಯಲ್ಲಿ "ಡಿಡಕ್ಷನ್ ಇಲ್ಲ" ಎಂಬ ಮಾತನ್ನೂ ಸರಿಯಾಗಿ ತಿಳಿಯಬೇಕು. ಇಲ್ಲದ್ದು ಎಲ್‌ಐಸಿ, ಪಿಪಿಎಫ್‌ನ 80ಸಿ, ಆರೋಗ್ಯ ವಿಮೆಯ 80ಡಿ ಥರದವು. ಮಂಟಪದ ಬಾಡಿಗೆ, ಕೂಲಿ, ಡೀಸೆಲ್, ಗೋದಾಮಿನ ವಿಮೆ, ವ್ಯಾಪಾರದ ಸಾಲದ ಬಡ್ಡಿ, ವರ್ಷಕ್ಕೆ 2,500ರ ವೃತ್ತಿ ತೆರಿಗೆ ಇವೆಲ್ಲ ವ್ಯಾಪಾರದ ಖರ್ಚು. ಲೆಕ್ಕದ ಪುಸ್ತಕ ಇಟ್ಟು ಲಾಭ ತೋರಿಸುವವರಿಗೆ ಎರಡೂ ಪದ್ಧತಿಯಲ್ಲಿ ಸಿಗುತ್ತವೆ. ಸಂಬಳದವರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಸ್ವಂತ ಉದ್ಯೋಗದವರಿಗಿಲ್ಲ.

ಪುಸ್ತಕ ಇಡುವವರ ಪಾಡು

ಹಾಗಾದರೆ ಖರ್ಚಿನ ಪಟ್ಟಿ ಬೇಕಾದದ್ದು ಯಾರಿಗೆ? ಕಮಿಷನ್ ಆದಾಯದವರಿಗೆ, 2 ಅಥವಾ 3 ಕೋಟಿ ದಾಟಿದವರಿಗೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಂಡವರಿಗೆ, ನಷ್ಟವಾದವರಿಗೆ, ದೊಡ್ಡ ಸಾಮಗ್ರಿ ಕೊಂಡವರಿಗೆ. ಒಮ್ಮೆ 44ಎಡಿಗೆ ಬಂದು ಮುಂದಿನ ಐದು ವರ್ಷದೊಳಗೆ ಅದನ್ನು ಬಿಟ್ಟರೆ ಮತ್ತೆ ಐದು ವರ್ಷ ಒಳಗೆ ಬರುವಂತಿಲ್ಲ, ಆದಾಯ ಮೂಲ ಮಿತಿ ಮೀರಿದರೆ ಆಡಿಟ್ ಕೂಡ ಆಗಬೇಕು. ಒಂದು ವರ್ಷದ ಆಸೆಗೆ ಹೊರಗೆ ಹೋಗುವ ಮುನ್ನ ಐದು ವರ್ಷದ ಆಡಿಟ್ ಶುಲ್ಕವನ್ನು ಕೂಡಿಸಿ ನೋಡಬೇಕು.

ಇವರ ಖರ್ಚು ಕೈತಪ್ಪುವುದು ರಿಟರ್ನ್ ತುಂಬುವಾಗ ಅಲ್ಲ, ಮಂಟಪದ ಹಿಂದಿನ ಬಾಗಿಲಲ್ಲಿ ರಾತ್ರಿ ಹನ್ನೊಂದಕ್ಕೆ ನೋಟು ಎಣಿಸಿಕೊಡುವಾಗ. 40ಎ(3) ಪ್ರಕಾರ ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಪೂರ್ತಿ ಮೊತ್ತ ಖರ್ಚಾಗಿ ಒಪ್ಪಿತವಲ್ಲ. ಸಾಗಣೆ ಲಾರಿಯವರಿಗೆ ಮಾತ್ರ ಮಿತಿ 35,000. ಒಂದೇ ದಿನ ಮೂರು ಚೀಟಿಯಲ್ಲಿ ಒಡೆದರೂ ಕೂಡಿಸಿಯೇ ಎಣಿಸುತ್ತಾರೆ.

ಹಂದರ ಹಾಕಲು, ಬಡಿಸಲು ಬಂದ 40 ಜನರ ಕೂಲಿ ತಲಾ 900ರಂತೆ 36,000. ಮೇಸ್ತ್ರಿಯ ಕೈಗೆ ಒಟ್ಟಿಗೆ 36,000 ಇಟ್ಟು ಒಂದು ಸಹಿ ಪಡೆದರೆ ದಾಖಲೆಯ ಪ್ರಕಾರ ಹಣ ಪಡೆದವನು ಒಬ್ಬನೇ, ಇಡೀ ಮೊತ್ತ ಹೋಯಿತು. ಅದೇ ಹಣವನ್ನು ಹಾಜರಿ ಪಟ್ಟಿ ಮಾಡಿ ಒಬ್ಬೊಬ್ಬರಿಗೆ ಕೊಟ್ಟರೆ ಯಾರಿಗೂ 10,000 ಮುಟ್ಟುವುದಿಲ್ಲ. ಪಟ್ಟಿಯಲ್ಲಿ ಸಮಾರಂಭದ ಹೆಸರು, ಜಾಗ, ತಾರೀಖು, ಕೂಲಿಯವರ ಹೆಸರು, ಊರು, ಮೊಬೈಲ್, ಮಾಡಿದ ಕೆಲಸ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ಸಾಕು. ನಲವತ್ತು ಹೆಸರೂ ಒಂದೇ ಕೈಬರಹ, ಒಂದೇ ಪೆನ್ನಿನ ಸಹಿ ಇದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಮೇಸ್ತ್ರಿಗೇ ಕೊಡಬೇಕೆಂದರೆ ಬ್ಯಾಂಕಿಗೆ ಹಾಕಿ.

ಹೂವಿಗೆ ಒಂದು ರಿಯಾಯಿತಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ನಿಯಮ 6ಡಿಡಿ ಪ್ರಕಾರ ತೋಟಗಾರಿಕೆ ಬೆಳೆಯನ್ನು ಬೆಳೆದವರಿಂದಲೇ ಕೊಂಡರೆ ನಗದಿನ ಮಿತಿ ಅನ್ವಯಿಸದು. ಗದಗ ಕಡೆಯ ರೈತರ ಹೊಲದಿಂದ ನೇರವಾಗಿ 30,000 ರೂಪಾಯಿಯ ಸೇವಂತಿಗೆ, ಚೆಂಡು ಹೂವು ನಗದಿಗೆ ತಂದರೆ ಖರ್ಚು ನಿಲ್ಲುತ್ತದೆ. ಅದೇ ಹೂವನ್ನು ಮಾರುಕಟ್ಟೆಯ ದಲ್ಲಾಳಿಯಿಂದ ನಗದಿಗೆ ಕೊಂಡರೆ ನಿಲ್ಲುವುದಿಲ್ಲ. ರೈತರ ಹೆಸರು, ಊರು, ಸಾಧ್ಯವಾದರೆ ಪಹಣಿ ಪ್ರತಿ ಇಟ್ಟುಕೊಳ್ಳಿ. ವಿದ್ಯುತ್ ಬಳಸದೆ ಗುಡಿ ಕೈಗಾರಿಕೆಯಲ್ಲಿ ತಯಾರಾದ ವಸ್ತುವನ್ನು ತಯಾರಿಸಿದವರಿಂದಲೇ ಕೊಂಡರೂ ಇದೇ ವಿನಾಯಿತಿ ಇದೆ. ಗಣ್ಯರ ಕೊರಳಿಗೆ ಹಾಕುವ ಹಾವೇರಿಯ ಏಲಕ್ಕಿ ಮಾಲೆ ಪೂರ್ತಿ ಕೈಕೆಲಸ. ಕಟ್ಟಿದವರಿಗೇ ಹಣ ಕೊಟ್ಟಿದ್ದರೆ ಈ ಕಲಮಿನ ಕೆಳಗೆ ವಾದಿಸಲು ಗಟ್ಟಿ ನೆಲೆ ಇದೆ, ಮಧ್ಯದ ಅಂಗಡಿಯಿಂದ ತಂದಿದ್ದರೆ ಇಲ್ಲ.

ಸಾಮಗ್ರಿಯ ಸವಕಳಿ, ಅಂದರೆ ಬೆಲೆಯಲ್ಲಿ ವರ್ಷ ವರ್ಷ ಖರ್ಚೆಂದು ಕಳೆಯುವ ಪಾಲು, ಇನ್ನೊಂದು ಕಥೆ. ಸ್ಪೀಕರ್, ಲೈಟ್, ಜನರೇಟರ್, ಎಲ್‌ಇಡಿ ವಾಲ್‌ಗೆ ಶೇ 15, ಕುರ್ಚಿ, ಸೋಫಾ, ಸಿಂಹಾಸನಕ್ಕೆ ಶೇ 10, ಲ್ಯಾಪ್‌ಟಾಪ್‌ಗೆ ಶೇ 40. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಎಣಿಸಿ ನೋಡಿದರೆ ಅಕ್ಟೋಬರ್ 3 ಕೊನೆಯ ದಿನ. ನಮ್ಮ ಕಡೆ ಹೊಸ ಸಾಮಾನು ತರುವುದು ಒಂದೋ ದಸರೆಗೆ, ಇಲ್ಲ ದೀಪಾವಳಿ ಪಾಡ್ಯಕ್ಕೆ. 2025ರ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು. ಅವತ್ತು 8 ಲಕ್ಷದ ಎಲ್‌ಇಡಿ ವಾಲ್ ಪೂಜೆ ಮಾಡಿ ಕೆಲಸಕ್ಕೂ ಇಳಿಸಿದವರಿಗೆ 1,20,000 ಸವಕಳಿ, ದೀಪಾವಳಿಗೆ ತಂದವರಿಗೆ 60,000. ಉಳಿದದ್ದು ಮುಂದಿನ ವರ್ಷಗಳಲ್ಲಿ ಸಿಗುತ್ತದೆ, ನಷ್ಟವಲ್ಲ, ತಡ ಅಷ್ಟೇ. 2026ರಲ್ಲಿ ಅಧಿಕ ಮಾಸ ಬರುವುದರಿಂದ ದಸರೆಯೂ ಅಕ್ಟೋಬರ್ ಮೂರನೆಯ ವಾರಕ್ಕೆ ಸರಿಯುತ್ತದೆ. ಪೂರ್ತಿ ಸವಕಳಿ ಬೇಕಾದವರು ಗಣೇಶ ಹಬ್ಬದ ಹೊತ್ತಿಗೇ ಕೊಳ್ಳಬೇಕು. ಹಳೇ ಸ್ಪೀಕರ್ ಜೋಡಿಯನ್ನು 60,000 ನಗದು ಕೊಟ್ಟು ತಂದರೆ ಮಾತ್ರ ತಡವಲ್ಲ, ಪೂರ್ತಿ ನಷ್ಟ: ಒಂದು ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟ ಮೊತ್ತ ಆಸ್ತಿಯ ಬೆಲೆಗೆ ಸೇರುವುದೇ ಇಲ್ಲ. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಎಂದು ನಿಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದರೆ ಆ ತೆರಿಗೆಯ ಭಾಗಕ್ಕೂ ಸವಕಳಿ ಇಲ್ಲ.

ಕಾರು ಮನೆಗೂ ಕೆಲಸಕ್ಕೂ ಒಂದೇ ಆದರೆ ಕೆಲಸದ ಪಾಲು ಮಾತ್ರ. ಹುಬ್ಬಳ್ಳಿಯಿಂದ ಹಾವೇರಿಗೆ ಜಾಗ ನೋಡಲು ಹೋದ ದಿನದ ಮೀಟರ್ ರೀಡಿಂಗ್ ಮತ್ತು ಸಮಾರಂಭದ ಹೆಸರು ಬರೆದಿಟ್ಟ ಡೈರಿ ಇದ್ದರೆ ಶೇ 70 ಎಂದರೂ ನಿಲ್ಲುತ್ತದೆ, ಇಲ್ಲದಿದ್ದರೆ ಅಧಿಕಾರಿ ತೋಚಿದಷ್ಟು ಕಡಿಯುತ್ತಾರೆ. ಸಮಾರಂಭಕ್ಕೆಂದು ಹೊಲಿಸಿದ ಸೂಟು, ರೇಷ್ಮೆ ಸೀರೆ ವೈಯಕ್ತಿಕ. ಸಿಬ್ಬಂದಿಗೆ ಕೊಟ್ಟ ಲೋಗೋ ಇರುವ ಟೀ ಶರ್ಟ್ ವ್ಯಾಪಾರದ್ದು. ರಾತ್ರಿ ಹತ್ತರ ನಂತರ ಡಿಜೆ ಹಾಕಿ ಬಿದ್ದ ದಂಡ ಖರ್ಚಲ್ಲ, ಮುರಿದ ಕುರ್ಚಿಗೆ ಮಂಟಪದವರಿಗೆ ಕಟ್ಟಿಕೊಟ್ಟದ್ದು ಖರ್ಚು. ಮೊದಲನೆಯದು ಕಾನೂನು ಮುರಿದದ್ದಕ್ಕೆ, ಎರಡನೆಯದು ವ್ಯಾಪಾರ ಮಾಡಿದ್ದಕ್ಕೆ. ಪರವಾನಗಿಗೆ "ಮೇಲಿಂದ" ಕೊಟ್ಟ ಹಣಕ್ಕೆ ಯಾವ ಕಾಲಂನಲ್ಲೂ ಜಾಗವಿಲ್ಲ.

ಹಿಂದಿನ ವರ್ಷ ವಹಿವಾಟು 1 ಕೋಟಿ ದಾಟಿದ್ದರೆ ಈ ವರ್ಷ ನೀವೇ ಟಿಡಿಎಸ್ ಹಿಡಿಯಬೇಕು. ಅಡಿಗೆ, ಡೆಕೋರೇಶನ್ ಗುತ್ತಿಗೆದಾರರಿಗೆ ಒಂದು ಬಿಲ್ 30,000 ಅಥವಾ ವರ್ಷದಲ್ಲಿ ಒಟ್ಟು 1 ಲಕ್ಷ ಮೀರಿದಾಗ. ಹಿಡಿಯದಿದ್ದರೆ ಪುಸ್ತಕ ಇಡುವವರಿಗೆ ಆ ಖರ್ಚಿನ ಶೇ 30 ಹೋಗುತ್ತದೆ. 44ಎಡಿಯವರಿಗೆ ಖರ್ಚಿನ ಕಡಿತದ ಪ್ರಶ್ನೆ ಇಲ್ಲದಿದ್ದರೂ ತಿಂಗಳಿಗೆ ಶೇ 1 ಬಡ್ಡಿ ತಪ್ಪದು. ಇತ್ತ ವರ್ಷದಲ್ಲಿ ಒಬ್ಬರಿಗೇ 50 ಲಕ್ಷ ಮೀರಿ ಕೊಡುವ ಮದುವೆ ಮನೆಯವರೂ 194ಎಂ ಅಡಿ ಶೇ 2 ಹಿಡಿಯಬೇಕು, ಅವರಿಗೆ ಹೇಳಬೇಕಾದವರು ಪ್ಲ್ಯಾನರ್‌ಗಳೇ.

ಮಾರ್ಚ್ 31ರ ಎರಡೂ ಬದಿ

2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮುಹೂರ್ತಗಳೆಲ್ಲ ಏಪ್ರಿಲ್, ಮೇ ಮೊದಲ ಪಕ್ಷಕ್ಕೆ ಒತ್ತಿಕೊಂಡು, ಅಡ್ವಾನ್ಸ್ ಮಾರ್ಚ್‌ನಲ್ಲೇ ಖಾತೆಗೆ ಬೀಳುವ ವರ್ಷ ಇದು. ಮರ್ಕಂಟೈಲ್ ಪದ್ಧತಿಯಲ್ಲಿ (ಹಣ ಬಂದಾಗಲ್ಲ, ಕೆಲಸ ಮಾಡಿದಾಗ ಆದಾಯ ಎಣಿಸುವುದು) ಪುಸ್ತಕ ಇಡುವವರಿಗೆ ಕೆಲಸ ಮಾಡದ ಅಡ್ವಾನ್ಸ್ ಆ ವರ್ಷದ ಆದಾಯವಲ್ಲ, ಮುಂಗಡ ಎಂದು ಹೊಣೆಯ ಬದಿಯಲ್ಲಿ ಬರೆದಿಟ್ಟುಕೊಳ್ಳಬಹುದು. ನಗದು ಪದ್ಧತಿಯವರಿಗೆ ಬಂದ ದಿನವೇ ಆದಾಯ. ವರ್ಷಕ್ಕೊಂದು ಪದ್ಧತಿ ಬದಲಿಸಲು ಬರುವುದಿಲ್ಲ. ಕಂಪನಿ ಗಿರಾಕಿ ಮಾರ್ಚ್‌ನಲ್ಲಿ ಅಡ್ವಾನ್ಸ್ ಮೇಲೆ ಟಿಡಿಎಸ್ ಹಿಡಿದಿದ್ದರೆ 26ಎಎಸ್‌ನಲ್ಲಿ ಈ ವರ್ಷವೇ ಕಾಣುತ್ತದೆ, ಆದಾಯ ಮಾತ್ರ ಮುಂದಿನ ವರ್ಷದ್ದು. ಆಗ ಟಿಡಿಎಸ್ ಶೆಡ್ಯೂಲ್‌ನಲ್ಲಿ ಆ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯುವ ಕಾಲಂ ತುಂಬಬೇಕು. ಅದನ್ನು ಬಿಟ್ಟು ಕ್ರೆಡಿಟ್ ಮಾತ್ರ ಕೇಳಿದರೆ "ಆದಾಯ ಎಲ್ಲಿ" ಎಂಬ ನೋಟಿಸ್ ಬಂದೇ ಬರುತ್ತದೆ.

ಮುಂಗಡ ತೆರಿಗೆ 44ಎಡಿಯವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ಉಳಿದವರಿಗೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ರ ಹೊತ್ತಿಗೆ ಕ್ರಮವಾಗಿ ಶೇ 15, 45, 75, 100. ಟಿಡಿಎಸ್ ಕಳೆದು 10,000ಕ್ಕಿಂತ ಕಡಿಮೆ ಬಾಕಿ ಇದ್ದರೆ ಇದ್ಯಾವುದೂ ಬೇಡ.

ಇಲ್ಲಿ ಬರೆದ ಸೆಕ್ಷನ್ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು, 2025-26ರ ರಿಟರ್ನ್ ಅದರಡಿಯೇ. 2026ರ ಏಪ್ರಿಲ್ 1ರ ನಂತರದ ಗಳಿಕೆಗೆ 2025ರ ಹೊಸ ಕಾಯ್ದೆ ಅನ್ವಯ. ಅದರಲ್ಲಿ 44ಎಡಿ ಇರುವುದು ಸೆಕ್ಷನ್ 58ರಲ್ಲಿ, ಟಿಡಿಎಸ್‌ನ ಬಹುಪಾಲು 393ರಲ್ಲಿ, "ಅಸೆಸ್‌ಮೆಂಟ್ ವರ್ಷ"ದ ಜಾಗದಲ್ಲಿ "ತೆರಿಗೆ ವರ್ಷ". ಏಪ್ರಿಲ್ ನಂತರದ ಒಪ್ಪಂದ ಪತ್ರ, ಬಿಲ್‌ಗಳಲ್ಲಿ ಹಳೆಯ ಸಂಖ್ಯೆ ಅಚ್ಚಾಗಿದ್ದರೆ ಮುಂದಿನ ಬಿಲ್ ಪುಸ್ತಕ ಮುದ್ರಿಸುವಾಗ ತಿದ್ದಿಸಿ.